ತೊಂಬತ್ತಕ್ಕೆ ನಡುಗುವ ಸ್ಟೇರಿಂಗ್: ಮೂರು ಸಲ ಬ್ಯಾಲೆನ್ಸ್ ಮಾಡಿಸಿದರೂ ಹೋಗದ ನಡುಕದ ಬೆನ್ನು ಹತ್ತಿ

ಸೆಪ್ಟೆಂಬರ್ ಎರಡನೇ ವಾರ. ಕಾರವಾರದಿಂದ ಶಿರಸಿಗೆ ಹೊರಟಿದ್ದೆ. ಅವರ್ಸಾ ದಾಟಿ ಸ್ಪೀಡು 85 ಮುಟ್ಟಿದ್ದೇ ತಡ, ಸ್ಟೇರಿಂಗ್ ಎಡಬಲಕ್ಕೆ ಸಣ್ಣಗೆ ಅದುರತೊಡಗಿತು. 92ರ ಹೊತ್ತಿಗೆ ನನ್ನ ಕೈಗಡಿಯಾರದ ಪಟ್ಟಿಯ ಕೊಂಡಿ ಟಿಕಟಿಕ ಸದ್ದು ಮಾಡುವಷ್ಟು ಜೋರಾಯಿತು. 100ರ ಹತ್ತಿರ ಹೋದರೆ ಕಡಿಮೆ, 80ಕ್ಕೆ ಇಳಿಸಿದರೆ ಇಲ್ಲವೇ ಇಲ್ಲ. ಕುಮಟಾದಲ್ಲಿ ತಿರುಗಿ ದೇವಿಮನೆ ಘಾಟಿ ಹತ್ತುವಾಗ ಕಾರು ಏನೂ ಆಗಿಲ್ಲವೆಂಬಂತೆ ಸುಮ್ಮನಿತ್ತು. ಆ ರಸ್ತೆಯಲ್ಲಿ ಯಾರೂ ತೊಂಬತ್ತು ಮುಟ್ಟುವುದಿಲ್ಲವಲ್ಲ.

ವಾಪಸ್ ಬರುವಾಗ ಆಯಿ ಜೊತೆಗಿದ್ದರು. ಅಂಕೋಲಾ ದಾಟಿದ ಮೇಲೆ ಮತ್ತೆ ಶುರುವಾಯಿತು. ಅವರು ಬಾಗಿಲ ಮೇಲಿನ ಹಿಡಿಕೆ ಹಿಡಿದುಕೊಂಡು "ತಮಾ, ಇದೆಂತಕ್ಕೆ ಹಿಂಗೆ ನಡುಗ್ತು?" ಅಂದರು. ನನಗೂ ಗೊತ್ತಿರಲಿಲ್ಲ. ನವೆಂಬರಿನಲ್ಲಿ ಅವರ ಕಣ್ಣಿನ ತಪಾಸಣೆಗೆ ಮಣಿಪಾಲಕ್ಕೆ ಕರೆದುಕೊಂಡು ಹೋಗಬೇಕಿತ್ತು. ಅಷ್ಟರೊಳಗೆ ಇದನ್ನು ಮುಗಿಸಲೇಬೇಕು ಎಂದು ಅವತ್ತೇ ಡೈರಿಯಲ್ಲಿ ಬರೆದುಕೊಂಡೆ. ಇಲ್ಲಿರುವುದು ಆ ಡೈರಿಯದೇ ವಿಸ್ತರಣೆ.

ಕಾರು 2014ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಓಡಿದ್ದು 96,000 ಕಿ.ಮೀ. 165/80 ಆರ್ 14 ಟ್ಯೂಬ್‌ಲೆಸ್ ಟೈರು, ಸ್ಟೀಲ್ ರಿಮ್, ಗಾಲಿಗೆ ನಾಲ್ಕು ನಟ್ಟು, ಮುಂದೆ ಡಿಸ್ಕ್, ಹಿಂದೆ ಡ್ರಮ್. ಕಾರವಾರದ ಕೋಡಿಬಾಗದಲ್ಲಿ ಸಮುದ್ರದ ಸದ್ದು ಕೇಳುವಷ್ಟು ಹತ್ತಿರದ ಮನೆಯೆದುರು, ಶೆಡ್ ಇಲ್ಲದೆ, ಆರು ವರ್ಷದಿಂದ ನಿಲ್ಲುತ್ತಿದೆ. ಕೊನೆಗೆ ಬೇರೆಲ್ಲಕ್ಕಿಂತ ಮುಖ್ಯವಾದದ್ದು ಈ ಕೊನೆಯ ವಿವರವೇ.

ಸೊನ್ನೆ ತೋರಿಸಿದ ಮೆಶಿನ್ನು

ಎಲ್ಲರಂತೆ ನಾನೂ ಮೊದಲು ಹೋದದ್ದು ಟೈರ್ ಅಂಗಡಿಗೆ. ಮುಂದಿನ ಎರಡೂ ಗಾಲಿ ಬಿಚ್ಚಿ, ಗಾಲಿಯ ಭಾರ ಸುತ್ತಲೂ ಸಮ ಇದೆಯೇ ಎಂದು ತಿರುಗಿಸಿ ನೋಡುವ ಬ್ಯಾಲೆನ್ಸಿಂಗ್ ಮೆಶಿನ್ನಿಗೆ ಏರಿಸಿದರು. ಎಡಕ್ಕೆ 20 ಗ್ರಾಂ, ಬಲಕ್ಕೆ 15 ಗ್ರಾಂ ವೇಟ್ ಹೊಡೆದು, ಪರದೆಯಲ್ಲಿ ಎರಡೂ ಕಡೆ ಸೊನ್ನೆ ಬಂದದ್ದನ್ನು ನನಗೆ ತೋರಿಸಿದರು. ಮರುದಿನ ಹೆದ್ದಾರಿಯಲ್ಲಿ ಅದೇ ನಡುಕ. ವಾರ ಬಿಟ್ಟು ಮತ್ತೆ ಹೋದೆ. ಮತ್ತೆ ಸೊನ್ನೆ. "ಸಾರ್, ಅಲೈನ್‌ಮೆಂಟ್ ಮಾಡ್ಸಿ, ಸರಿಯಾಗ್ತದೆ" ಅಂದರು, ಮಾಡಿಸಿದೆ. ಸರಿಯಾಗಲಿಲ್ಲ.

ಅಲೈನ್‌ಮೆಂಟಿನ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇದಕ್ಕಾಗಿ ದುಡ್ಡು ಸುರಿಯುವವರನ್ನು ಬೇಕಾದಷ್ಟು ನೋಡಿದ್ದೇನೆ. ಕಾರು ಒಂದು ಕಡೆಗೆ ಎಳೆಯುತ್ತಿದ್ದರೆ, ಟೈರಿನ ಒಂದು ಅಂಚು ಮಾತ್ರ ಸವೆಯುತ್ತಿದ್ದರೆ, ನೇರ ಹೋಗುವಾಗ ಸ್ಟೇರಿಂಗ್ ಓರೆ ನಿಂತಿದ್ದರೆ ಅಲೈನ್‌ಮೆಂಟ್ ಬೇಕು. ಒಂದು ನಿರ್ದಿಷ್ಟ ವೇಗದಲ್ಲಿ ಹುಟ್ಟಿ ಇನ್ನೊಂದು ವೇಗದಲ್ಲಿ ಸಾಯುವ ನಡುಕ ಬೇರೆ ಜಾತಿಯದು. ಅದು ತಿರುಗುವ ಯಾವುದೋ ವಸ್ತು ಸುತ್ತು ಸುತ್ತಿಗೂ ಒಂದು ಪೆಟ್ಟು ಕೊಡುತ್ತಿದೆ ಎಂಬುದರ ಗುರುತು. ಅಲೈನ್‌ಮೆಂಟ್ ಸರಿಪಡಿಸುವುದು ಗಾಲಿ ನಿಂತ ಕೋನವನ್ನು. ಆ ಕೋನ ತಿರುಗುವುದಿಲ್ಲ, ಆದ್ದರಿಂದ ಸುತ್ತಿಗೊಂದು ಪೆಟ್ಟು ಕೊಡುವುದೂ ಇಲ್ಲ.

ಕಾಗದದ ಮೇಲಿನ ಲೆಕ್ಕ

ಎರಡನೇ ಸಲವೂ ಸೋತ ಮೇಲೆ ಅಂಗಡಿಗೆ ಓಡುವುದು ನಿಲ್ಲಿಸಿ ಲೆಕ್ಕಕ್ಕೆ ಕೂತೆ. 165/80 ಆರ್ 14 ಟೈರಿನ ಹೊರ ವ್ಯಾಸ ಸುಮಾರು 620 ಮಿ.ಮೀ., ಸುತ್ತಳತೆ 1.95 ಮೀಟರ್. ಗಂಟೆಗೆ 90 ಕಿ.ಮೀ. ಅಂದರೆ ಸೆಕೆಂಡಿಗೆ 25 ಮೀಟರ್. ಗಾಲಿ ಸೆಕೆಂಡಿಗೆ ಹದಿಮೂರು ಸುತ್ತಿಗೆ ತುಸು ಕಡಿಮೆ ತಿರುಗುತ್ತದೆ. ಸಾಮಾನ್ಯ ಕಾರುಗಳಲ್ಲಿ ಗಾಲಿ, ಅದು ಕೂರುವ ಹಬ್, ಬ್ರೇಕು ಎಲ್ಲ ಸೇರಿದ ಆ ಭಾರ ಸ್ಪ್ರಿಂಗು ಮತ್ತು ಟೈರಿನ ನಡುವೆ ತಾನಾಗಿ ಕುಣಿಯಲು ಇಷ್ಟಪಡುವ ಲಯವೂ ಸೆಕೆಂಡಿಗೆ 10ರಿಂದ 15ರ ಆಸುಪಾಸಿನಲ್ಲೇ ಇರುತ್ತದೆ. ಎರಡು ಲಯ ಕೂಡಿದಾಗ ಉಯ್ಯಾಲೆಯನ್ನು ಹದವರಿತು ತಳ್ಳಿದ ಹಾಗಾಗುತ್ತದೆ. ನಡುಕ 85ಕ್ಕೆ ಶುರುವಾಗಿ 100ಕ್ಕೆ ಇಳಿಯುವುದು ಅದಕ್ಕೇ. ದೋಷ ಎಲ್ಲ ವೇಗದಲ್ಲೂ ಇರುತ್ತದೆ, ನಮ್ಮ ಕೈಗೆ ಗೊತ್ತಾಗುವುದು ಆ ಸಣ್ಣ ಕಿಟಕಿಯಲ್ಲಿ ಮಾತ್ರ.

ಇನ್ನೊಂದು ಲೆಕ್ಕ ನನ್ನನ್ನು ನಿಜಕ್ಕೂ ಬೆಚ್ಚಿಬೀಳಿಸಿತು. ರಿಮ್ಮಿನ ಅಂಚಿನಲ್ಲಿ 30 ಗ್ರಾಂ ಹೆಚ್ಚುಕಡಿಮೆ ಇದ್ದರೆ, 90ರಲ್ಲಿ ಅದು ಮೂರೂವರೆ ಕೆಜಿಗೂ ಹೆಚ್ಚಿನ ಎಳೆತವಾಗುತ್ತದೆ, ಸೆಕೆಂಡಿಗೆ ಹದಿಮೂರು ಸಲ ದಿಕ್ಕು ಬದಲಿಸುತ್ತ. ಅದೇ 45ರಲ್ಲಿ ಕಾಲು ಭಾಗ, ಒಂದು ಕೆಜಿಯೂ ಇಲ್ಲ. ವೇಗ ಎರಡರಷ್ಟಾದರೆ ಎಳೆತ ನಾಲ್ಕರಷ್ಟು.

ಹೆದ್ದಾರಿಯಲ್ಲಿ ನಾಲ್ಕು ಪರೀಕ್ಷೆ

ಒಂದು ಭಾನುವಾರ ಬೆಳಿಗ್ಗೆ ಆರಕ್ಕೆ, ವಾಹನ ಕಡಿಮೆ ಇರುವಾಗ, ಅವರ್ಸಾ–ಅಂಕೋಲಾ ನಡುವೆ ಎರಡು ಸಲ ಹೋಗಿ ಬಂದೆ. ಪಕ್ಕದಲ್ಲಿ ಕೂತ ತಮ್ಮ ಬರೆದುಕೊಳ್ಳುತ್ತಿದ್ದ. ಡ್ರೈವ್ ಮಾಡುತ್ತಲೇ ಬರೆಯುವ ಕೆಲಸ ಯಾರೂ ಮಾಡಬಾರದು.

92ರಲ್ಲಿ ಆಕ್ಸಲರೇಟರ್ ಬಿಟ್ಟು ನ್ಯೂಟ್ರಲ್‌ಗೆ ಹಾಕಿದೆ. ಎಂಜಿನ್ನು ಐಡಲ್‌ಗೆ ಇಳಿಯಿತು, ನಡುಕ ಹಾಗೇ ಉಳಿಯಿತು. ಅಂದರೆ ಎಂಜಿನ್, ಅದರ ಮೌಂಟು, ಕ್ಲಚ್ಚು ಲೆಕ್ಕದಿಂದ ಹೊರಗೆ. ಮೂರನೇ ಗೇರಿನಲ್ಲಿ ಜೋರಾಗಿ ಎಳೆದು ನೋಡಿದೆ, ಎಳೆತಕ್ಕೆ ನಡುಕ ಹೆಚ್ಚಲಿಲ್ಲ. ಒಳಗಿನ ಆಕ್ಸಲ್ ಜಾಯಿಂಟ್ ಸವೆದಿದ್ದರೆ ಎಳೆಯುವಾಗ ಹೆಚ್ಚಬೇಕಿತ್ತು. ಹಿಂದೆ ಯಾರೂ ಇಲ್ಲದ್ದು ನೋಡಿಕೊಂಡು 90ರಿಂದ ಹದವಾಗಿ ಬ್ರೇಕ್ ಒತ್ತಿದೆ. ಪೆಡಲಿನಲ್ಲಿ ಮಿಡಿತವಿಲ್ಲ, ನಡುಕ ವೇಗದ ಜೊತೆ ತಾನೂ ಇಳಿಯಿತು. ಆದ್ದರಿಂದ ಡಿಸ್ಕ್ ಡೊಂಕಲ್ಲ. ದೇವಿಮನೆ ಇಳಿಯುವಾಗಲೂ ಬ್ರೇಕು ನುಣ್ಣಗಿತ್ತು ಎಂಬುದು ನೆನಪಾಯಿತು.

ಬೇರಿಂಗಿನ ಅನುಮಾನ ಬಿಡಿಸಿಕೊಳ್ಳಲು ಕಾರವಾರದವರಿಗೆ ಒಂದು ಅನುಕೂಲವಿದೆ: ಬಿಣಗಾ ಕಡೆಯ ಸುರಂಗ. ಕಿಟಕಿ ಇಳಿಸಿ ಒಳಗೆ ಹೋದರೆ ಗಾಲಿಯ ಸದ್ದೆಲ್ಲ ಗೋಡೆಗೆ ಬಡಿದು ಕಿವಿಗೇ ಬರುತ್ತದೆ. ಬೇರಿಂಗ್ ಹೋಗಿದ್ದರೆ ಹೂಂ ಎಂದು ಗುನುಗುವ ಸದ್ದು ವೇಗದ ಜೊತೆ ಏರಬೇಕು, ತಿರುವಿನಲ್ಲಿ ಭಾರ ಒಂದು ಕಡೆ ಬಿದ್ದಾಗ ಬದಲಾಗಬೇಕು. ಟೈರಿನ ಸದ್ದು ಬಿಟ್ಟರೆ ಏನೂ ಇರಲಿಲ್ಲ.

ನಡುಕ ಸೀಟಿನಲ್ಲಿ ಇರಲಿಲ್ಲ, ಸ್ಟೇರಿಂಗಿನಲ್ಲಿ ಮಾತ್ರ. ಹಾಗಾದರೆ ಹಿಂದಿನ ಗಾಲಿಗಳಲ್ಲ, ಮುಂದಿನವೇ. ತಮ್ಮ ಬರೆದ ಹಾಳೆಯ ಕೊನೆಯಲ್ಲಿ ಉಳಿದದ್ದು ಇಷ್ಟೇ: ಟೈರು, ರಿಮ್ಮು, ಅಥವಾ ಅವು ಕೂರುವ ಜಾಗ. ಆ ಮೂರನೆಯದನ್ನು ಬರೆಸಿದವನು ನಾನೇ, ಆದರೆ ಅದನ್ನು ನೋಡಲು ಇನ್ನೂ ಮೂರು ವಾರ ತೆಗೆದುಕೊಂಡೆ.

ಆಯುಧಪೂಜೆ ಮತ್ತು ಕೆಂಪು ಮಣ್ಣು

ಆಯುಧಪೂಜೆಗೆ ಕಾರನ್ನು ವಾಟರ್ ಸರ್ವೀಸಿಗೆ ಕೊಟ್ಟು, ತೊಳೆಸಿ, ಹೂ ಏರಿಸಿ, ನಿಂಬೆಹಣ್ಣಿನ ಮೇಲೆ ಗಾಲಿ ಹತ್ತಿಸಿದ್ದಾಯಿತು. ಮರುದಿನ ಹೆದ್ದಾರಿಗೆ ಹೋದರೆ ನಡುಕ ದುಪ್ಪಟ್ಟು, ಈಗ 75ಕ್ಕೇ ಶುರು. ತೊಳೆದದ್ದಕ್ಕೆ ಕಾರು ಕೆಡುವುದುಂಟೇ ಎಂದು ಮೊದಲು ತಲೆಬಿಸಿಯಾಯಿತು. ಆಮೇಲೆ ಹೊಳೆಯಿತು: ಏನೋ ಉದುರಿದೆ.

ಮನೆಯಲ್ಲೇ ಜ್ಯಾಕ್ ಕೊಟ್ಟು, ಸ್ಟ್ಯಾಂಡ್ ಇಟ್ಟು, ಎಡ ಮುಂದಿನ ಗಾಲಿ ಬಿಚ್ಚಿ ಬೋರಲು ಹಾಕಿದೆ. ರಿಮ್ಮಿನ ಒಳಮೈಯಲ್ಲಿ, ಹೊರಗಿನಿಂದ ಎಷ್ಟು ಬಗ್ಗಿದರೂ ಕಾಣದ ಮಡಿಕೆಯಲ್ಲಿ, ಮಳೆಗಾಲದ ಕೆಂಪು ಮಣ್ಣು ಗಟ್ಟಿಯಾಗಿ ಕೂತಿತ್ತು. ಅರ್ಧ ಸುತ್ತು ಮಾತ್ರ. ಉಳಿದರ್ಧವನ್ನು ಸರ್ವೀಸಿನವರ ನೀರಿನ ರಭಸ ಕಿತ್ತುಕೊಂಡು ಹೋಗಿತ್ತು. ಚಾಕುವಿನಿಂದ ಕೆರೆದು ತೆಗೆದದ್ದನ್ನು ಅಡುಗೆಮನೆಯ ತಕ್ಕಡಿಯಲ್ಲಿಟ್ಟರೆ 48 ಗ್ರಾಂ. ನಮ್ಮ ಕಡೆಯ ಈ ಮಣ್ಣು ಒದ್ದೆಯಿದ್ದಾಗ ಅಂಟು, ಒಣಗಿದರೆ ಇಟ್ಟಿಗೆ.

ಈಗ ಟೈರ್ ಅಂಗಡಿಯ ಸೊನ್ನೆ ಅರ್ಥವಾಯಿತು. ಅಲ್ಲಿ ಗಾಲಿಯನ್ನು ತೊಳೆಯದೆ ಮೆಶಿನ್ನಿಗೆ ಏರಿಸಿದ್ದರು. ಮೆಶಿನ್ನು ಮಣ್ಣನ್ನೂ ಗಾಲಿಯೆಂದೇ ತೂಗಿ, ಮಣ್ಣಿಗೆ ಸರಿಯಾಗಿ ಸೀಸದ ವೇಟ್ ಹೊಡೆಸಿತ್ತು. ಮಣ್ಣು ಹೋದ ದಿನ ಸೀಸವೇ ದೋಷವಾಯಿತು. ಮೆಶಿನ್ನಿನ ತಪ್ಪಲ್ಲ, ಅದಕ್ಕೆ ಕೊಟ್ಟದ್ದನ್ನು ಅದು ಸರಿಯಾಗಿಯೇ ತೂಗಿತು.

ನಾಲ್ಕೂ ಗಾಲಿ ಬಿಚ್ಚಿ ಒಳಹೊರಗೆ ಉಜ್ಜಿದೆ. ಬಿಚ್ಚಿದಾಗಲೇ ಟೈರುಗಳನ್ನೂ ನೋಡಿಬಿಟ್ಟೆ. ಬದಿಗೋಡೆಯ ನಾಲ್ಕಂಕಿ 2321, ಅಂದರೆ 2021ರ 23ನೇ ವಾರದ ತಯಾರಿ. ಎಲ್ಲೂ ಉಬ್ಬಿಲ್ಲ, ನೆಲ ಮುಟ್ಟುವ ಮೈ ಒಂದೇ ಸಮ ಸವೆದಿದೆ, ಕೈಯಾಡಿಸಿದರೆ ಏರುತಗ್ಗು ಸಿಗಲಿಲ್ಲ. ಹಳೆ ವೇಟೆಲ್ಲ ಕೀಳಿಸಿ ಮೂರನೇ ಸಲ ಬ್ಯಾಲೆನ್ಸ್ ಮಾಡಿಸಿದೆ, ಈ ಸಲ ಪಕ್ಕದಲ್ಲೇ ನಿಂತು. ಗಾಳಿ 30 ಪಿಎಸ್‌ಐ.

75ರ ನಡುಕ ಹೋಯಿತು. 88ರಿಂದ 96ರ ನಡುವಿನದು ಉಳಿಯಿತು. ಮೊದಲಿನ ದಿನದಷ್ಟೇ, ಕೊಂಡಿ ಟಿಕಟಿಕ ಅನ್ನುವಷ್ಟೇ. ಮಣ್ಣು ಎರಡನೇ ಕಾಯಿಲೆ, ಮೊದಲನೆಯದು ಇನ್ನೂ ಒಳಗಿತ್ತು.

ಮುಂದಿನ ಭಾನುವಾರ ಹಿಂದಿನ ಗಾಲಿಗಳನ್ನು ಮುಂದಕ್ಕೆ, ಮುಂದಿನವನ್ನು ಹಿಂದಕ್ಕೆ ಹಾಕಿ ಓಡಿಸಿದೆ. ದೋಷ ಗಾಲಿಯಲ್ಲಿದ್ದರೆ ಹಿಂದಕ್ಕೆ ಹೋಗಿ ಸೀಟಿನಲ್ಲಿ ಕಾಣಿಸಿಕೊಳ್ಳಬೇಕು. ನಡುಕ ಸ್ಟೇರಿಂಗ್ ಬಿಟ್ಟು ಕದಲಲಿಲ್ಲ. ಒಂದು ಪೈಸೆ ಖರ್ಚಿಲ್ಲದ ಈ ಪರೀಕ್ಷೆಯನ್ನು ಮೊದಲ ದಿನವೇ ಮಾಡಬೇಕಿತ್ತು. ಯಾರಾದರೂ ಈಗ ಕೇಳಿದರೆ ಬ್ಯಾಲೆನ್ಸಿಂಗಿಗಿಂತ ಮೊದಲು ಇದನ್ನು ಮಾಡಿ ಅನ್ನುತ್ತೇನೆ.

ಭಾವನ ಲೇತು

ನಮ್ಮ ಅಕ್ಕನ ಗಂಡ ಶಿರಸಿಯಲ್ಲಿ ಲೇತ್ ಇಟ್ಟುಕೊಂಡಿದ್ದಾರೆ. ಅಡಿಕೆ ಸುಲಿಯುವ ಯಂತ್ರದ ಶಾಫ್ಟು, ಪಂಪಿನ ಬುಶ್ಶು, ಗರಗಸದ ಪುಲ್ಲಿ, ಇಂಥವು ಅವರ ನಿತ್ಯದ ಕೆಲಸ. ಕಾರಿನ ಮೆಕ್ಯಾನಿಕ್ ಅಲ್ಲ. ತಿರುಗುವ ವಸ್ತುವಿನ ಸಣ್ಣ ಓಲಾಟವನ್ನೂ ಮುಳ್ಳಿನಿಂದ ಅಳೆಯುವ ಡಯಲ್ ಗೇಜ್ ಕೇಳಲು ಹೋದವನು ಕತೆಯೆಲ್ಲ ಹೇಳಿದೆ. ಚಹಾ ಕುಡಿಯುತ್ತ ಪೂರ್ತಿ ಕೇಳಿಸಿಕೊಂಡು ಹೇಳಿದರು: "ತಮಾ, ನಮ್ಮ ಚಕ್ಕಿನ ದವಡೆಗೆ ಒಂದು ಸಣ್ಣ ಸಿಪ್ಪೆ ಸಿಕ್ಕಿಬಿದ್ರೂ ಸಾಕು, ಜಾಬು ಕುಣೀತು. ನೀ ಜಾಬು ಮಾತ್ರ ನೋಡ್ತಾ ಇದ್ದೆ. ಚಕ್ಕು ನೋಡಿದ್ಯಾ?"

ಲೇತಿನಲ್ಲಿ ಕಬ್ಬಿಣ ಕಡೆಯುವಾಗ ಸುರುಳಿಯಾಗಿ ಏಳುವ ಚೂರಿಗೆ ಅವರು ಸಿಪ್ಪೆ ಅನ್ನುತ್ತಾರೆ. ಜಾಬು ಅಂದರೆ ಕಡೆಯುವ ವಸ್ತು, ಚಕ್ಕು ಅಂದರೆ ಅದನ್ನು ದವಡೆಗಳಲ್ಲಿ ಹಿಡಿದು ತಿರುಗಿಸುವ ಭಾಗ. ಟೈರ್ ಅಂಗಡಿಯ ಮೆಶಿನ್ನು ಗಾಲಿಯನ್ನು ಹಿಡಿಯುವುದು ತನ್ನದೇ ಶಂಕುವಿನಿಂದ, ತನ್ನದೇ ಚೊಕ್ಕ ಮುಖದ ಮೇಲೆ. ಕಾರಿನಲ್ಲಿ ಅದೇ ಗಾಲಿ ಕೂರುವುದು ಹಬ್ಬಿನ ಮೇಲೆ. ಆ ಹಬ್ಬಿನ ಮುಖದಲ್ಲಿ ಸಿಪ್ಪೆಯಂಥದ್ದೇನಾದರೂ ಇದ್ದರೆ ಮೆಶಿನ್ನಿಗೆ ಅದು ಗೊತ್ತಾಗುವ ದಾರಿಯೇ ಇಲ್ಲ. ಮೂರು ಸಲ ಸೊನ್ನೆ ಬಂದದ್ದೂ ನಿಜ, ಮೂರು ಸಲ ನಡುಗಿದ್ದೂ ನಿಜ.

ಅವರ ಅಂಗಳದಲ್ಲೇ ಶುರುಮಾಡಿದೆವು. ಹಿಂದಿನ ಗಾಲಿಗಳಿಗೆ ಅಡ್ಡ ಕೊಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಮುಂಭಾಗ ಎತ್ತಿ ಎರಡು ಜ್ಯಾಕ್ ಸ್ಟ್ಯಾಂಡ್ ಮೇಲೆ ಕೂರಿಸಿದೆವು. ಅಂಗಳದಲ್ಲಿ ಚಿರೇಕಲ್ಲು ರಾಶಿ ಇತ್ತು, ಅದನ್ನು ಮುಟ್ಟಲಿಲ್ಲ. ಚಿರೇಕಲ್ಲು ಗೋಡೆಗೆ ಸೈ, ಒಂದೇ ಬಿಂದುವಿನ ಭಾರಕ್ಕೆ ಪುಡಿಯಾಗುತ್ತದೆ. ಅದರ ಮೇಲೆ ಕಾರು ನಿಲ್ಲಿಸಿ ಕೆಳಗೆ ತೂರುವವರನ್ನು ಕಂಡರೆ ನನಗೆ ಹೊಟ್ಟೆ ತೊಳಸುತ್ತದೆ.

ಗೇರು ನ್ಯೂಟ್ರಲ್. ಡಯಲ್ ಗೇಜಿನ ಅಯಸ್ಕಾಂತದ ಬುಡವನ್ನು ಒಂದು ಕಬ್ಬಿಣದ ಹಲಗೆಗೆ ಅಂಟಿಸಿ, ಮುಳ್ಳಿನ ತುದಿಯನ್ನು ಬಲ ರಿಮ್ಮಿನ ಅಂಚಿಗೆ ಬದಿಯಿಂದ ಮುಟ್ಟಿಸಿ, ಗಾಲಿಯನ್ನು ನಿಧಾನ ಒಂದು ಸುತ್ತು ತಿರುಗಿಸಿದೆವು. ಒಳಹೊರಗಿನ ಓಲಾಟ 1.4 ಮಿ.ಮೀ. ಆಮೇಲೆ ಮುಳ್ಳನ್ನು ಮೇಲಿನಿಂದ ಮುಟ್ಟಿಸಿ ಏರಿಳಿತ ನೋಡಿದರೆ 0.8. ಸ್ಟೀಲ್ ರಿಮ್ಮಿಗೆ ಎರಡೂ ಒಂದು ಮಿ.ಮೀ.ಯ ಆಸುಪಾಸಿನೊಳಗೆ ಇರಬೇಕು, ಕಡಿಮೆಯಿದ್ದಷ್ಟೂ ಒಳ್ಳೆಯದು. ಎಡಗಡೆ 0.6 ಮತ್ತು 0.3.

ಇಷ್ಟರಿಂದಲೇ ಹಬ್ಬನ್ನು ದೂರುವಂತಿಲ್ಲ, ರಿಮ್ಮೂ ಡೊಂಕಿರಬಹುದು. ಭಾವ ಸೀಮೆಸುಣ್ಣ ತಂದರು. ರಿಮ್ಮಿನಲ್ಲಿ ಅತಿ ಹೆಚ್ಚು ಹೊರಬರುವ ಜಾಗಕ್ಕೆ ಒಂದು ಗೀಟು, ಅದರ ನೇರಕ್ಕಿದ್ದ ಸ್ಟಡ್ಡಿಗೆ, ಅಂದರೆ ಹಬ್ಬಿನಿಂದ ಹೊರಚಾಚಿ ನಟ್ಟು ಹಿಡಿಯುವ ಬೋಲ್ಟಿಗೆ, ಇನ್ನೊಂದು ಗೀಟು. ಗಾಲಿ ಬಿಚ್ಚಿ, ಎರಡು ಸ್ಟಡ್ಡಿನಷ್ಟು, ಅಂದರೆ ಸರಿಯಾಗಿ ಅರ್ಧ ಸುತ್ತು ತಿರುಗಿಸಿ ಮತ್ತೆ ಕಟ್ಟಿ ಅಳೆದೆವು. ಉಬ್ಬು ರಿಮ್ಮಿನ ಗೀಟಿನ ಜೊತೆ ಹೋದರೆ ರಿಮ್ ಡೊಂಕು. ಸ್ಟಡ್ಡಿನ ಗೀಟಿನ ಹತ್ತಿರವೇ ಉಳಿದರೆ ದೋಷ ಹಬ್ಬಿನ ಕಡೆ. ಮುಳ್ಳು ಸ್ಟಡ್ಡಿನ ಗೀಟಿನ ಎದುರಿಗೇ ಮತ್ತೆ ಮೇಲೇರಿತು. ಭಾವ ಏನೂ ಹೇಳಲಿಲ್ಲ, ವೈರ್ ಬ್ರಶ್ ಹುಡುಕಲು ಒಳಗೆ ಹೋದರು.

ಉಪ್ಪಿನ ಸಿಪ್ಪೆ

ಗಾಲಿ ಬಿಚ್ಚಿ ಟಾರ್ಚ್ ಹಿಡಿದು, ಕಣ್ಣನ್ನು ಒಂದು ಗೇಣಿನ ಹತ್ತಿರ ತಂದು ನೋಡಿದೆ. ದೂರದಿಂದ ಎಲ್ಲ ಗಾಡಿಯಲ್ಲೂ ಕಾಣುವ ಕಂದು ತುಕ್ಕು. ಹತ್ತಿರದಿಂದ ಬೇರೆ. ಎರಡು ಸ್ಟಡ್ಡುಗಳ ನಡುವೆ, ಡಿಸ್ಕಿನ ನಡುವೆ ಟೋಪಿಯಂತೆ ಉಬ್ಬಿದ ಭಾಗದ ಮುಖದ ಮೇಲೆ, ಹೆಬ್ಬೆರಳಿನ ಉಗುರಿಗಿಂತ ತುಸು ದೊಡ್ಡ ಒಂದು ಪೊರೆ. ಹೊರಮೈ ಕಪ್ಪಗೆ, ನಯವಾಗಿ, ಕನ್ನಡಿಯಂತೆ ಮಿಂಚುತ್ತಿತ್ತು. ರಿಮ್ಮು ಅದರ ಮೇಲೇ ಒತ್ತಿ ಒತ್ತಿ ಪಾಲಿಶ್ ಆಗಿತ್ತು. ಸ್ಕ್ರೂಡ್ರೈವರಿನ ತುದಿಯನ್ನು ಅಂಚಿಗೆ ಕೊಟ್ಟು ಮೆಲ್ಲಗೆ ಮೀಟಿದಾಗ ಹಪ್ಪಳದ ಚೂರಿನ ಹಾಗೆ ಟಕ್ಕನೆ ಎದ್ದು ಬಂತು. ಒಳಮೈ ಕಿತ್ತಳೆ ಪುಡಿ, ಪದರ ಪದರ. ಭಾವನ ಮೈಕ್ರೋಮೀಟರಿನಲ್ಲಿ ಅಳೆದರೆ 0.4 ಮಿ.ಮೀ.

ಅಷ್ಟು ತೆಳ್ಳನೆಯದು ಇಷ್ಟು ಮಾಡೀತೇ? ಗಾಲಿ ಕೂರುವ ಮುಖದ ವ್ಯಾಸ ಸುಮಾರು 140 ಮಿ.ಮೀ., ರಿಮ್ಮಿನದು ಅದರ ಎರಡೂವರೆ ಪಟ್ಟಿಗೂ ಹೆಚ್ಚು. ಬುಡದಲ್ಲಿ 0.4 ಎತ್ತಿದರೆ ರಿಮ್ಮಿನ ಅಂಚಿನಲ್ಲಿ ಒಂದು ಮಿ.ಮೀ., ಟೈರಿನ ಹೊರ ಅಂಚಿನಲ್ಲಿ ಅದಕ್ಕೂ ಹೆಚ್ಚು. ಹಬ್ಬಿನ ನಡುವಿನ ಗೂಟದ ಸುತ್ತಲೂ ತುಕ್ಕು ಉಬ್ಬಿ ಉಂಗುರ ಕಟ್ಟಿತ್ತು, ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. ಅದರಿಂದ ಇಡೀ ಗಾಲಿ ನಡುವಿನಿಂದ ಸರಿದು ಕೂತಿತ್ತು. ಅಡಿಕೆ ತೂಗುವ ಕಾಟಾದಲ್ಲಿ ಗಾಲಿ ಇಟ್ಟೆವು, ಹದಿನಾಲ್ಕೂವರೆ ಕೆಜಿ. ಅಷ್ಟು ಭಾರ ನಡುವಿನಿಂದ 0.3 ಮಿ.ಮೀ. ಸರಿದರೂ ಸಾಕು, ರಿಮ್ಮಿನ ಅಂಚಿಗೆ 24 ಗ್ರಾಂ ವೇಟ್ ಹೊಡೆದಷ್ಟು ಅಸಮತೋಲ. ಸೀಸವಿಲ್ಲದ, ಮಣ್ಣಿಲ್ಲದ, ಯಾವ ಮೆಶಿನ್ನೂ ಕಾಣದ 24 ಗ್ರಾಂ.

ಇದು ಕರಾವಳಿಯ ಕಾಯಿಲೆ ಎಂದು ನನ್ನ ತೀರ್ಮಾನ. ಆರು ವರ್ಷ ಸಮುದ್ರದ ಗಾಳಿಯ ಉಪ್ಪು, ನಾಲ್ಕು ತಿಂಗಳು ಬಿಡದ ಮಳೆ. ಅದರ ಮೇಲೆ ಹೆದ್ದಾರಿಯಲ್ಲಿ ಮೀನಿನ ಲಾರಿಗಳಿಂದ ಉದ್ದಕ್ಕೂ ಸುರಿಯುವ ಉಪ್ಪುನೀರು. ಆ ನೀರಿನ ಹಿಂದೆ ಹೋದವರಿಗೆ ವಾಸನೆ ಮಾತ್ರ ಗೊತ್ತಿರುತ್ತದೆ, ಗಾಲಿಯ ಸಂದಿಗೆ ಅದು ಮಾಡುವುದು ಗೊತ್ತಿರುವುದಿಲ್ಲ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಹಿಡಿಯುತ್ತದೆ, ಸಂದಿಯಲ್ಲೇ ಹುಟ್ಟಿದರೆ ಉಬ್ಬಿ ಎತ್ತುತ್ತದೆ. ಪ್ರತಿ ಸಲ ಗಾಲಿ ಬಿಚ್ಚಿ ಕಟ್ಟುವಾಗ ಪೊರೆ ಒಡೆದು ಚೂರು ಬೇರೆ ಕಡೆ ಸಿಕ್ಕಿಕೊಳ್ಳುತ್ತದೆ. ಆಗಸ್ಟಿನಲ್ಲಿ ಪಂಕ್ಚರ್ ಹಾಕಿಸಲು ಬಲ ಗಾಲಿ ಬಿಚ್ಚಿಸಿದ್ದೆ. ನಡುಕ ಹುಟ್ಟಿದ್ದು ಅಲ್ಲಿಂದಲೇ ಇರಬೇಕು.

ಕ್ಲೀನಿಂಗಿಗೆ ಎರಡೂ ಕಡೆ ಸೇರಿ ಮೂರು ತಾಸು ಹಿಡಿಯಿತು. ಡಿಸ್ಕನ್ನು ಅದುಮಿ ಹಿಡಿಯುವ ಕ್ಯಾಲಿಪರಿನ ಬ್ರಾಕೆಟ್ ಬಿಚ್ಚಿ, ಅದನ್ನು ಬ್ರೇಕ್ ಹೋಸಿನಿಂದ ಜೋತುಬಿಡದೆ ತಂತಿಯಿಂದ ಸ್ಪ್ರಿಂಗಿಗೆ ಕಟ್ಟಿದೆವು. ಡಿಸ್ಕು ಹಬ್ಬಿಗೆ ಕಚ್ಚಿಕೊಂಡಿತ್ತು. ಸುತ್ತಿಗೆ ಬೇಕಿಲ್ಲ, ಟೋಪಿಯಲ್ಲೇ ಥ್ರೆಡ್ ಇರುವ ಎರಡು ತೂತು ಇರುತ್ತವೆ. ಎರಡಕ್ಕೂ 8 ಎಂಎಂ ಬೋಲ್ಟ್ ಹಾಕಿ ಅದಕ್ಕಷ್ಟು ಇದಕ್ಕಷ್ಟು ತಿರುಗಿಸಿದಾಗ ಡಿಸ್ಕು ತಾನಾಗಿ ಮುಂದೆ ಬಂತು. ಹಬ್ಬಿನ ಮುಖ, ಡಿಸ್ಕಿನ ಟೋಪಿಯ ಒಳಗೂ ಹೊರಗೂ, ರಿಮ್ಮಿನ ಹಿಂಬದಿಯಲ್ಲಿ ನಟ್ಟುಗಳ ಸುತ್ತಲಿನ ಭಾಗ, ನಾಲ್ಕೂ ಮುಖವನ್ನು ಮೊದಲು ವೈರ್ ಬ್ರಶ್‌ನಿಂದ, ಆಮೇಲೆ 120ರ ಎಮರಿ ಪೇಪರಿನಿಂದ ಬೆಳ್ಳಗಾಗುವವರೆಗೆ ಉಜ್ಜಿದೆವು. ಗ್ರೈಂಡರ್ ಬೇಡ ಅಂದರು ಭಾವ. ತುಕ್ಕಿನ ಜೊತೆ ಲೋಹವೂ ಹೋಗಿ ಮುಖವೇ ಡೊಂಕಾಗುತ್ತದೆ. ಬೆರಳ ತುದಿ ಆಡಿಸಿ ಏನೂ ತಡೆಯದಿದ್ದರೆ ಸಾಕು.

ಬರಿ ಹಬ್ಬಿನ ಮುಖಕ್ಕೆ ಡಯಲ್ ಮುಟ್ಟಿಸಿದಾಗ 0.05ರ ಒಳಗಿತ್ತು. ಹಬ್ ಒಳ್ಳೆಯದು, ಬೇರಿಂಗೂ ಒಳ್ಳೆಯದು. ಈ ಒಂದು ಅಳತೆ ನನಗೆ ದೊಡ್ಡ ಖರ್ಚು ಉಳಿಸಿತು.

ನಡುವಿನ ಗೂಟದ ಸುತ್ತ ಮಾತ್ರ ಬೆರಳಲ್ಲಿ ಸವರಿದಷ್ಟು ತೆಳ್ಳಗೆ ತಾಮ್ರದ ಗ್ರೀಸ್ ಹಚ್ಚಿದೆ. ಮುಖಕ್ಕಿಲ್ಲ, ಸ್ಟಡ್ಡಿಗಂತೂ ಇಲ್ಲವೇ ಇಲ್ಲ, ಗ್ರೀಸ್ ಹಚ್ಚಿದ ಸ್ಟಡ್ಡಿಗೆ ಅದೇ ಬಿಗಿ ಕೊಟ್ಟರೂ ಬೇಕಾದ್ದಕ್ಕಿಂತ ಹೆಚ್ಚು ಜಗ್ಗುತ್ತದೆ. ಗಾಲಿ ಗಾಳಿಯಲ್ಲಿರುವಾಗಲೇ ನಾಲ್ಕೂ ನಟ್ಟನ್ನು ಕೈಯಲ್ಲಿ ಕೂರಿಸಿ, ಎದುರು ಬದುರು ಕ್ರಮದಲ್ಲಿ ಎರಡು ಸುತ್ತಾಗಿ ಬಿಗಿದು, ಕೊನೆಗೆ ಬಿಗಿಯನ್ನು ಅಳೆದು ತೋರಿಸುವ ಟಾರ್ಕ್ ರೆಂಚಿನಿಂದ ಕಾರಿನ ಪುಸ್ತಕದಲ್ಲಿದ್ದ 85 ನ್ಯೂಟನ್ ಮೀಟರಿಗೆ ತಂದೆ. ಕಾರು ಇಳಿಸಿದ ಮೇಲೆ ಬ್ರೇಕ್ ಪೆಡಲನ್ನು ಗಟ್ಟಿಯಾಗುವವರೆಗೆ ಹತ್ತಿಪ್ಪತ್ತು ಸಲ ತುಳಿದೇ ಹೊರಡಬೇಕು. ಇದನ್ನು ಮರೆತರೆ ಮೊದಲ ತಿರುವಿನಲ್ಲಿ ಬ್ರೇಕ್ ಇರುವುದಿಲ್ಲ.

ಬಲಗಡೆ ಈಗ ಓಲಾಟ 0.4, ಏರಿಳಿತ 0.2. ಎಡಗಡೆ 0.3 ಮತ್ತು 0.2.

ಉಳಿದ ಸಣ್ಣದು

ಅವತ್ತು ಸಂಜೆ ದೇವಿಮನೆ ಇಳಿದು ಕುಮಟಾ ಮುಟ್ಟಿ ಹೆದ್ದಾರಿ ಹಿಡಿದೆ. ಮಿರ್ಜಾನಿನ ಹತ್ತಿರ 90. ಸ್ಟೇರಿಂಗ್ ಸುಮ್ಮನಿತ್ತು. 94ರಲ್ಲಿ ಬೆರಳ ತುದಿಗೆ ಮಾತ್ರ ಗೊತ್ತಾಗುವಷ್ಟು ಒಂದು ಜುಮುಜುಮು ಉಳಿದಿತ್ತು. ಡಾಂಬರಿನ ಜಾಯಿಂಟ್ ಹಾರಿದಾಗೆಲ್ಲ ಅದು ಒಂದೆರಡು ಕ್ಷಣ ಹೆಚ್ಚಿ ತಣ್ಣಗಾಗುತ್ತಿತ್ತು.

ಜಾಯಿಂಟ್ ಹಾರಿದಾಗ ಹೆಚ್ಚುವುದು ಬೇರೆ ಸುಳಿವು. ಕಾರವಾರದಲ್ಲಿ ಪರಿಚಯದ ಮೆಕ್ಯಾನಿಕ್ ಹತ್ತಿರ ಹೋಗಿ ಗಾಲಿಯನ್ನು ಕೆಳಗಿನಿಂದ ಕಾರಿಗೆ ಹಿಡಿದಿಡುವ ಲೋಯರ್ ಆರ್ಮಿಗೆ ಸಬ್ಬಲು ಕೊಟ್ಟು ಮೀಟಿಸಿ ನೋಡಿದೆ. ಬಲಗಡೆಯ ಹಿಂದಿನ ಬುಶ್ಶಿನ ರಬ್ಬರು ಅರ್ಧ ಸುತ್ತು ಸೀಳಿತ್ತು. ಟೈ ರಾಡ್ ಎಂಡ್, ಬಾಲ್ ಜಾಯಿಂಟ್ ಗಟ್ಟಿಯಿದ್ದವು. ಬುಶ್ಶು ನಡುಕ ಹುಟ್ಟಿಸುವುದಿಲ್ಲ, ಹುಟ್ಟಿದ್ದನ್ನು ನುಂಗುವ ಕೆಲಸ ಬಿಟ್ಟುಬಿಡುತ್ತದೆ. ಮೊದಲೇ ಬುಶ್ ಹಾಕಿಸಿದ್ದರೆ ನಡುಕ ಅರ್ಧ ಅಡಗಿ, ಪೊರೆ ಹಾಗೇ ಒಳಗಿದ್ದು, ಹೊಸ ರಬ್ಬರನ್ನೂ ತಿಂದುಹಾಕುತ್ತಿತ್ತು. ಎರಡೂ ಕಡೆಯ ಬುಶ್ ಬದಲಾಯಿಸಿ, ಆರ್ಮ್ ಬಿಚ್ಚಿದ್ದರಿಂದ ಅಲೈನ್‌ಮೆಂಟ್ ಮಾಡಿಸಿದೆ. ಈ ಸಲ ಅದು ನಿಜಕ್ಕೂ ಬೇಕಿತ್ತು. ಜುಮುಜುಮು ಹೋಯಿತು.

ನವೆಂಬರ್ ಮೂರನೇ ವಾರ ಆಯಿಯನ್ನು ಕರೆದುಕೊಂಡು ಶಿರಸಿಯಿಂದ ಮಣಿಪಾಲಕ್ಕೆ ಹೋಗಿಬಂದೆ. ಹೊನ್ನಾವರದ ಶರಾವತಿ ಸೇತುವೆ ದಾಟಿದ ಮೇಲೆ ರಸ್ತೆ ಖಾಲಿ ಸಿಕ್ಕಿತು. 92ರಲ್ಲಿ ಸ್ವಲ್ಪ ಹೊತ್ತು ಬೇಕೆಂದೇ ನಿಲ್ಲಿಸಿಕೊಂಡೆ. ಆಯಿ ಹಿಡಿಕೆ ಹಿಡಿದಿರಲಿಲ್ಲ, ಎರಡೂ ಕೈಯಲ್ಲಿ ಕಿತ್ತಳೆ ಸುಲಿಯುತ್ತಿದ್ದರು.

ಆಮೇಲಿನ 100 ಕಿ.ಮೀ.ಗೆ ಒಮ್ಮೆ ನಟ್ಟುಗಳ ಬಿಗಿ ನೋಡಿದೆ, ಒಂದೂ ಸಡಿಲಿರಲಿಲ್ಲ. 1,200 ಕಿ.ಮೀ.ಗೆ ಮತ್ತೆ ಡಯಲ್ ಹಿಡಿದಾಗ ಬಲಗಡೆ ಅದೇ 0.4. ಟೈರ್ ಅಂಗಡಿಗೆ ಹೋಗುವಾಗ ಡಿಕ್ಕಿಯಲ್ಲಿ ಒಂದು ವೈರ್ ಬ್ರಶ್ ಇಟ್ಟುಕೊಳ್ಳುತ್ತೇನೆ, ಗಾಲಿ ಬಿಚ್ಚಿದಾಗ ಎರಡೂ ಮುಖ ನಾನೇ ಉಜ್ಜುತ್ತೇನೆ, ನಟ್ಟನ್ನು ಏರ್ ಗನ್ನಿನಿಂದ ಪೂರ್ತಿ ಬಿಗಿಯಲು ಬಿಡುವುದಿಲ್ಲ. ಹಿಂದಿನ ಡ್ರಮ್ಮುಗಳ ಮುಖದಲ್ಲೂ ತುಕ್ಕು ಪೊರೆ ಕಟ್ಟತೊಡಗಿದೆ, ಇನ್ನೂ ತೆಳು. ಈ ತಿಂಗಳು ಭಾವ ಅಡಿಕೆ ಕೊಯ್ಲಿನ ಗಡಿಬಿಡಿಯಲ್ಲಿದ್ದಾರೆ. ಅದು ಮುಗಿದ ಮೇಲೆ ಅವರ ಅಂಗಳದಲ್ಲೇ ಅವನ್ನೂ ಬಿಚ್ಚುವುದಿದೆ.